ಲೆಂಪಿ ಕೂರಿಸಿದ ಕಾವಲು

ಲೆಂಪಿ ಮೊಯ್ಲನೆನ್ ತಾನು ಹಿಲ್ಲಾ ಎಂಬ ಕಾಡುಹಣ್ಣು ಕೀಳುವ ಜಾಗವನ್ನು ಸ್ವಂತ ಮಗಳಿಗೂ ತೋರಿಸಿದವಳಲ್ಲ. ಜುಲೈ ಕೊನೆಗೆ ಜವುಗಿನಲ್ಲಿ ಹಿಲ್ಲಾ ಕಿತ್ತಳೆ ಬಣ್ಣಕ್ಕೆ ತಿರುಗಿತೆಂದರೆ ನಮ್ಮ ಹಿಯೆತಾಯೊಕಿ ಊರಿನಲ್ಲಿ ಅಣ್ಣತಮ್ಮಂದಿರೂ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಾರೆ, ಅದೇನೂ ಹೊಸದಲ್ಲ. ಆದರೆ ಲೆಂಪಿಯದು ಊರನ್ನೇ ಮೀರಿಸಿದ ಗುಟ್ಟು. ಕಾರನ್ನು ಬೇಕೆಂದೇ ಬೇರೆ ಜವುಗಿನ ಪಕ್ಕ ನಿಲ್ಲಿಸಿ, ರಸ್ತೆ ದಾಟಿ, ಎದುರು ದಿಕ್ಕಿನ ಕಾಡಿಗೆ ನುಗ್ಗುತ್ತಾಳೆ. ವಾಪಸು ಬರುವಾಗ ಬಕೆಟ್ಟಿನ ಮೇಲೆ ಸ್ವೆಟರ್ ಮುಚ್ಚಿರುತ್ತಾಳೆ. ಅವಳ ಗಂಡ ರೈನೆ ಒಂದು ವರ್ಷ ಸದ್ದಿಲ್ಲದೆ ಹಿಂದೆಯೇ ಹೋಗಿ ನೋಡಲು ಹೊರಟಿದ್ದನಂತೆ. ಲೆಂಪಿ ಅವನನ್ನು ಮಧ್ಯಾಹ್ನದವರೆಗೆ ಕಾಡಿನಲ್ಲಿ ಸುತ್ತಾಡಿಸಿ, ಖಾಲಿ ಬಕೆಟ್ಟಿನೊಂದಿಗೆ ಮನೆಗೆ ಬಂದು ಕಾಫಿ ಕಾಯಿಸಿದಳು.

ಇಂಥವಳ ಪಕ್ಕದ ಮೇಜಿನಲ್ಲಿ ನಾನು ಅರ್ಧ ಆಯಸ್ಸು ಕಳೆದಿದ್ದೇನೆ. ನಮ್ಮದು ನೀರು ಪರೀಕ್ಷಿಸುವ ಪ್ರಯೋಗಾಲಯ. ನಲ್ಲಿ ನೀರು, ಬಾವಿ ನೀರು, ಬೇಸಿಗೆಯಲ್ಲಿ ಜನ ಈಜುವ ಕೆರೆಗಳ ನೀರು, ಎಲ್ಲವೂ ಬಾಟಲಿಗಳಲ್ಲಿ ನಮ್ಮಲ್ಲಿಗೆ ಬರುತ್ತದೆ. ಅನುಮಾನ ಅಲ್ಲಿ ಅರ್ಧ ಕೆಲಸ. ಬಾವಿ ನೀರು ಕೆಟ್ಟಿದ್ದನ್ನು ಮುಚ್ಚಿಡಲು ಯಾರಾದರೂ ಪಕ್ಕದ ಮನೆಯ ನಲ್ಲಿಯಿಂದ ಬಾಟಲಿ ತುಂಬಿಸಿ ತಂದರೆ ಲೆಂಪಿ ಅವನ ಮುಖ ನೋಡಿಯೇ, "ಏನು, ಮನೆ ಮಾರೋಕೆ ಹೊರಟಿದ್ದೀಯಾ?" ಎಂದು ಕೇಳುತ್ತಿದ್ದಳು. ಅವನು ತೊದಲುತ್ತಿದ್ದ. ಅದೇ ಕಣ್ಣನ್ನು ಅವಳು ನಮ್ಮ ಮೇಲೂ ಇಟ್ಟಿದ್ದಳೆಂಬುದೇ ತೊಂದರೆ. ಕಾಫಿ ಕೋಣೆಯ ಫ್ರಿಜ್ಜಿನಲ್ಲಿದ್ದ ತನ್ನ ಹಾಲಿನ ಡಬ್ಬದ ಮೇಲೆ ಹಾಲು ಎಲ್ಲಿಯವರೆಗೆ ಇದೆಯೆಂದು ಪೆನ್ನಿನಲ್ಲಿ ಗೆರೆ ಎಳೆದಿಡುತ್ತಿದ್ದಳು. ನಾನೊಮ್ಮೆ ತಮಾಷೆಗೆ ಅದಕ್ಕೆ ಇನ್ನಷ್ಟು ಹಾಲು ಸೇರಿಸಿಟ್ಟೆ. ಯಾರು ಹಾಕಿದರು, ಯಾಕೆ ಹಾಕಿದರು ಎಂದು ವಾರವಿಡೀ ತಲೆ ಕೆಡಿಸಿಕೊಂಡು ಓಡಾಡಿದಳು, ಆ ಹಾಲನ್ನು ಮಾತ್ರ ಕುಡಿಯಲಿಲ್ಲ.

ನೀರಿನಲ್ಲಿ ಕರಗಿದ ಲವಣಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವೊಂದು ಅವಳ ಸುಪರ್ದಿನಲ್ಲಿತ್ತು. ವಯಸ್ಸಾಗಿದ್ದರಿಂದ ಅದನ್ನು ನಾವೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದೆವು. ಅಜ್ಜಿ ಅಳೆಯುತ್ತಿತ್ತು, ಪಕ್ಕದ ಕಂಪ್ಯೂಟರ್ ಬರೆದುಕೊಳ್ಳುತ್ತಿತ್ತು. ಇಬ್ಬರ ನಡುವೆ ಒಂದು ಪುಟ್ಟ ಡಬ್ಬಿ; ಅಜ್ಜಿಯ ತಂತಿ, ಕಂಪ್ಯೂಟರಿನ ತಂತಿ ಎರಡೂ ಬಂದು ಅದರ ತೂತುಗಳಿಗೆ ಸೇರುತ್ತಿದ್ದವು. ಕೆಲಸದ ನಡುವೆ ಸಂಪರ್ಕ ಕಡಿದರೆ ಸಾಲಾಗಿ ಇಟ್ಟ ಬಾಟಲಿಗಳೆಲ್ಲ ದಂಡ. ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಆ ವಸಂತದಲ್ಲಿ ಔಲಿಸ್ ಬಂದ. ಸಾವೊ ಸೀಮೆಯವನು, ಐವತ್ತು ದಾಟಿದವನು. ನಮ್ಮ ಕಂಪನಿಯದೇ ಇನ್ನೊಂದು ಪ್ರಯೋಗಾಲಯ ಅವನ ಊರಿನಲ್ಲಿತ್ತು. ಅದನ್ನು ಬಿಟ್ಟು, ಅಲ್ಲಿನ ಮನೆ ಮಾರಿ, ನಮ್ಮ ನದಿಯ ದಂಡೆಯಲ್ಲಿ ಒಂದು ಹಳೆಯ ಮರದ ಮನೆ ಕೊಂಡು ಹೆಂಡತಿಯ ಜೊತೆ ಬಂದಿದ್ದ. ಹೊಸ ಜಾಗವಾದ್ದರಿಂದ ಮತ್ತೆ ಪ್ರೊಬೇಷನ್. ಮೊದಲ ದಿನದ ಕಾಫಿಯಲ್ಲೇ ನಗುತ್ತಾ ಹೇಳಿದ, "ಇಲ್ಲಿಂದ ಓಡಿಸಿದ್ರೆ ನದೀಲಿ ಮೀನು ಹಿಡ್ಕೊಂಡು ಕೂರೋದೇ. ಈ ವಯಸ್ಸಲ್ಲಿ ನನ್ನನ್ಯಾರು ಇನ್ನೆಲ್ಲಿ ತಗೋತಾರೆ?" ಮಾತು ತಮಾಷೆಯದಾದರೂ ನಿಜವೇ ಆಗಿತ್ತು. ನಮ್ಮ ಕೈನೂ ಸೀಮೆಯಲ್ಲಿ ಐವತ್ತು ದಾಟಿದ ಮೇಲೆ ಕೆಲಸ ಹೋದರೆ ಹೋಯಿತು.

ಎರಡು ಪ್ರಯೋಗಾಲಯಗಳಲ್ಲಿ ಒಂದನ್ನು ಮುಚ್ಚುತ್ತಾರೆಂಬ ಗಾಳಿಸುದ್ದಿ ಆಗ ಹಬ್ಬಿತ್ತು. ನಮ್ಮದನ್ನು ಕೆಡಿಸಲು ಅಲ್ಲಿನವರೇ ಇವನನ್ನು ಕಳಿಸಿದ್ದಾರೆಂದು ಅನುಮಾನಿಸಲು ಲೆಂಪಿಗೆ ಅಷ್ಟು ಸಾಕಾಯಿತು.

"ಅಲ್ಲಿಂದ ಇಲ್ಲಿಗೆ ಯಾಕೆ ಬಂದ, ಯೋಚ್ನೆ ಮಾಡಿದ್ದೀಯಾ ಮಿರ್ಯಾ?" ಎಂದು ನನ್ನನ್ನು ಕೇಳಿದಳು.

"ನದಿ ಇಷ್ಟ ಆಯ್ತಂತೆ ಕಣೇ."

"ಯಾಕೆ, ಸಾವೊದಲ್ಲಿ ನೀರಿಲ್ವಾ? ಅಲ್ಲಿ ನೆಲಕ್ಕಿಂತ ನೀರೇ ಜಾಸ್ತಿ!"

ಔಲಿಸ್‌ನ ಮಾತಿನ ರೀತಿಯೂ ಅವಳ ಅನುಮಾನಕ್ಕೆ ಗೊಬ್ಬರ ಹಾಕಿತು. ನಾವು ಕೈನೂದವರು ಒಂದು ಮಾತಿನಲ್ಲಿ ಮುಗಿಸುತ್ತೇವೆ. ಸಾವೊದವರು ಹಾಗಲ್ಲ, ಹೌದು ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಕೇಳಿದವನೇ ಅರ್ಥ ಮಾಡಿಕೊಳ್ಳಬೇಕು. ಕಾಫಿ ಬೇಕಾ ಎಂದರೆ, "ಕುಡಿದ್ರೂ ಕುಡಿಯಬಹುದು, ಕುಡೀದೇನೂ ಇರಬಹುದು" ಎಂದು ಹೇಳಿ ಎರಡು ಲೋಟ ಕುಡಿಯುತ್ತಿದ್ದ. ಅದು ಅವರಲ್ಲಿ ಮರ್ಯಾದೆ, ನಮ್ಮಲ್ಲಿ ಜಾರಿಕೊಳ್ಳುವುದು.

ಜುಲೈಯಲ್ಲಿ ಅರ್ಧ ಜನ ರಜೆಯಲ್ಲಿದ್ದಾಗ ಅಜ್ಜಿಯ ಸಂಪರ್ಕ ಕಡಿಯಿತು. ಕಂಪ್ಯೂಟರಿನಿಂದ ಅಜ್ಜಿಯನ್ನು ಕೂಗಿ ನೋಡುವ ಒಂದು ಆಜ್ಞೆ ಇದೆ. ಉತ್ತರ ಬಂದರೆ ದಾರಿ ಸರಿ ಇದೆ ಎಂದರ್ಥ. ಲೆಂಪಿ ಕೂಗಿದಳು, ಉತ್ತರ ಬರಲಿಲ್ಲ. ಎಲ್ಲವನ್ನೂ ಆರಿಸಿ ಹಚ್ಚಿದ ಮೇಲೆ ಬಂತು. ಆ ವಾರವೇ ಮತ್ತೊಮ್ಮೆ ಕಡಿಯಿತು. ಮುಖ್ಯ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದರೆ, "ಆರಿಸಿ ಹಚ್ಚಿದ್ರಾ? ಮತ್ತೊಂದ್ಸಲ ಆರಿಸಿ ಹಚ್ಚಿ ನೋಡಿ" ಎಂಬ ವೇದವಾಕ್ಯ ಸಿಕ್ಕಿತು.

ಲೆಂಪಿ ಹಿಂದೆ ಬಗ್ಗಿ ನೋಡಿದಳು. ಅಜ್ಜಿಯ ತಂತಿಯ ತುದಿಯಲ್ಲಿದ್ದ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಕೊಕ್ಕೆ ಇಲ್ಲದ ತಂತಿ ತನ್ನಷ್ಟಕ್ಕೆ ಸಡಿಲವಾಗುತ್ತದೆ, ಅಷ್ಟು ಸಣ್ಣ ವಿಷಯ. ನಾನು ಅದನ್ನೇ ಹೇಳಿದೆ.

"ಮುರಿದಿದ್ದಲ್ಲ ಇದು, ಮುರಿದಿಟ್ಟಿದ್ದು," ಎಂದಳು ಲೆಂಪಿ.

ಅಜ್ಜಿಯ ಹಿಂದೆ ಗೋಡೆಗೂ ಮೇಜಿಗೂ ನಡುವೆ ಒಂದು ಸಂದು. ಅಜ್ಜಿಗೆ ಬೇಕಾದ ಶುದ್ಧ ನೀರಿನ ಕ್ಯಾನುಗಳು ಅಲ್ಲಿರುತ್ತಿದ್ದವು. ಅವನ್ನು ಬದಲಿಸುವುದು ಔಲಿಸ್‌ನ ಕೆಲಸ, ಹಾಗಾಗಿ ಅಲ್ಲಿಗೆ ಹೋಗುತ್ತಿದ್ದವನು ಅವನೊಬ್ಬನೇ. ಲೆಂಪಿ ಅವನನ್ನು ಅಡ್ಡಗಟ್ಟಿ ಕೇಳಿದಳು, "ನೀನು ಈ ತಂತಿ ಮುಟ್ಟಿದ್ಯಾ?"

ಔಲಿಸ್ ತಲೆ ಕೆರೆದುಕೊಂಡ. "ಮುಟ್ಟಿದ್ರೂ ಮುಟ್ಟಿರಬಹುದು, ಮುಟ್ಟದೇನೂ ಇರಬಹುದು."

ಅವನ ಗ್ರಹಚಾರ ಕೆಟ್ಟಿದ್ದು ಆ ಒಂದು ಮಾತಿನಿಂದ. ಸಾವೊದವನೊಬ್ಬ ಅದನ್ನು ಕೇಳಿದ್ದರೆ ಇವನಿಗೆ ಗೊತ್ತಿಲ್ಲ ಎಂದು ತಿಳಿದು ಮುಂದೆ ಹೋಗುತ್ತಿದ್ದ. ನಮ್ಮ ಲೆಂಪಿ ಅದನ್ನು ತಪ್ಪೊಪ್ಪಿಗೆ ಎಂದೇ ಕಿವಿಗೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ನಾನು ಬಂದಾಗ ಅವಳು ಸ್ಟೂಲಿನ ಮೇಲೆ ನಿಂತು ಆ ಸಂದಿನ ಮೇಲಿನ ಕಪಾಟಿನ ತುದಿಯಲ್ಲಿ, ಕೈಗವಸುಗಳ ಪೆಟ್ಟಿಗೆಗಳ ನಡುವೆ ಏನನ್ನೋ ಸಿಕ್ಕಿಸುತ್ತಿದ್ದಳು. ಹಳೆಯ ತಂತಿ ಕಸದ ಬುಟ್ಟಿಯಲ್ಲಿತ್ತು. ಅವನ ಕೈ ಸೋಕಿದ್ದು ಬೇಡವೆಂದು ಅಜ್ಜಿಗೆ ಹೊಸ ತಂತಿ ಹಾಕಿದ್ದಳು. ಮೇಲೆ ಸಿಕ್ಕಿಸುತ್ತಿದ್ದದ್ದು ಕ್ಯಾಮೆರಾ. ರೈನೆಯ ಬೇಟೆ ಸಂಘದವರು ಶರತ್ಕಾಲದಲ್ಲಿ ಹಿರ್ವಿ ಎಂಬ ದೊಡ್ಡ ಕಡವೆಯನ್ನು ಹೊಡೆದು ಮಾಂಸ ನೇತುಹಾಕುವ ಕೊಟ್ಟಿಗೆಯ ಕಾವಲಿಗೆ ಇಟ್ಟಿದ್ದು. ಬೇಸಿಗೆಯಲ್ಲಿ ಅದಕ್ಕೆ ಕೆಲಸವಿಲ್ಲ. ಸುಮ್ಮನೆ ನಿದ್ದೆ ಮಾಡುತ್ತಿರುತ್ತದೆ, ಎದುರಿಗೆ ಏನಾದರೂ ಅಲುಗಾಡಿದರೆ ಎಚ್ಚೆತ್ತು ಚಿತ್ರ ಹಿಡಿಯುತ್ತದೆ.

"ಹಿರ್ವಿಗೆ ಇಡೋ ಹಾಗೆ ಕೆಳಗೆ ಉಪ್ಪಿನ ಕಲ್ಲೂ ಇಡು, ನೆಕ್ಕೋಕೆ ಬರ್ತಾನೆ," ಎಂದೆ.

"ನಗು, ನಗು. ಕಾರ್ಡ್ ತುಂಬಾ ಅವನ ಮುಖ ಬಂದಾಗ ನಗೋದು ನೋಡ್ತೀನಿ."

ಚಿತ್ರಗಳನ್ನು ತನ್ನ ಮೇಜಿನಲ್ಲೇ ಕೂತು ನೋಡಬೇಕೆಂದು ಕ್ಯಾಮೆರಾದ ತಂತಿಯನ್ನು ಆ ಪುಟ್ಟ ಡಬ್ಬಿಯ ಖಾಲಿ ತೂತಿಗೆ ಚುಚ್ಚಿದಳು. ಕಂಪ್ಯೂಟರಿನಲ್ಲಿ ಚಿತ್ರ ಬರಲೇ ಇಲ್ಲ. ಅದಕ್ಕೂ ಔಲಿಸ್‌ನನ್ನೇ ಬೈದು, ತಂತಿಯನ್ನು ಹಾಗೆಯೇ ಬಿಟ್ಟು, ಸಂಜೆ ಕಾರ್ಡ್ ತೆಗೆದು ಮನೆಯಲ್ಲಿ ನೋಡತೊಡಗಿದಳು. ತನ್ನ ಮುಖವೇ ಕಾರ್ಡಿನಲ್ಲಿ ತುಂಬಿಕೊಳ್ಳಬಾರದೆಂದು ತಾನು ಆ ಸಂದಿನ ಕಡೆ ಹೆಜ್ಜೆ ಇಡಲಿಲ್ಲ, ನನ್ನನ್ನೂ ಬಿಡಲಿಲ್ಲ.

ಆಮೇಲೆ ನಡೆದದ್ದನ್ನು ನೋಡಿ ನನಗೂ ಅನುಮಾನ ಹುಟ್ಟಿತು. ಔಲಿಸ್ ಕ್ಯಾನು ಎತ್ತಿಕೊಂಡು ಸಂದಿಗೆ ಹೋದ, ಸಂಪರ್ಕ ಕಡಿಯಿತು. ಇನ್ನೊಂದು ದಿನ ಹೋದ, ಮತ್ತೆ ಕಡಿಯಿತು. ಅವನು ಹೋಗದ ದಿನ ಅಜ್ಜಿ ಬೆಳಗಿನಿಂದ ಸಂಜೆಯವರೆಗೆ ಚಕಾರವೆತ್ತದೆ ದುಡಿಯಿತು. ಕಾರ್ಡಿನಲ್ಲಿ ಪ್ರತಿ ಸಲವೂ ಅವನೇ: ಬಗ್ಗಿದ ಬೆನ್ನು, ಬೋಳು ತಲೆ, ಡಬ್ಬಿಯ ಹತ್ತಿರ ಕೈ. ಅದುವರೆಗೆ ಲೆಂಪಿಯನ್ನು ಗೇಲಿ ಮಾಡುತ್ತಿದ್ದ ನಾನೂ ಸುಮ್ಮನಾದೆ. ಔಲಿಸ್ ಗುಡ್ ಮಾರ್ನಿಂಗ್ ಎಂದರೆ ನನಗೂ ಅವನ ಮುಖ ನೋಡಲಾಗುತ್ತಿರಲಿಲ್ಲ. ಅವನು ತನ್ನ ಹೊಗೆಮನೆಯಲ್ಲಿ ಹೊಗೆ ಹಾಕಿ ಬೇಯಿಸಿದ ಮೀನು ತಂದು ಕಾಫಿ ಕೋಣೆಯಲ್ಲಿಟ್ಟ. ಯಾರೂ ಮುಟ್ಟಲಿಲ್ಲ. ಸಂಜೆ ಅದನ್ನು ಕಾಗದದಲ್ಲಿ ಸುತ್ತಿ ವಾಪಸು ಒಯ್ದ.

ಲೆಂಪಿ ಚಿತ್ರಗಳನ್ನು ನಮ್ಮ ಮುಖ್ಯಸ್ಥ ಸಕಾರಿಯ ಮುಂದಿಟ್ಟಳು. ಸಕಾರಿ ಒಳ್ಳೆಯವನೇ, ಆದರೆ ಗಾಳಿ ಬಂದ ಕಡೆ ವಾಲುವವನು. ಒಂದು ಊರಿನ ನಲ್ಲಿ ನೀರಿನ ಫಲಿತಾಂಶ ಆಗಲೇ ತಡವಾಗಿ ಮೇಲಿನವರು ಗದರಿದ್ದರು. ಅವನು ಔಲಿಸ್‌ನನ್ನು ಕರೆದು, ಪ್ರೊಬೇಷನ್ ಇಲ್ಲಿಗೇ ಮುಗಿಸೋಣ, ನಾಳೆಯಿಂದ ಬರಬೇಡ ಎಂದ. ಕಾರಣ ಹೇಳಲಿಲ್ಲ. ಪ್ರೊಬೇಷನ್‌ನಲ್ಲಿ ನಮ್ಮವರು ಬಾಯಿ ಬಿಟ್ಟು ಕಾರಣ ಹೇಳುವುದು ಕಡಿಮೆ.

ಔಲಿಸ್ ತನ್ನ ಲೋಟ, ಮನೆಯ ಚಪ್ಪಲಿ ಚೀಲಕ್ಕೆ ಹಾಕಿಕೊಂಡು ನನ್ನ ಮೇಜಿನ ಬಳಿ ನಿಂತ. "ನಾನೇನಾದ್ರೂ ತಪ್ಪು ಮಾಡಿದ್ನಾ ಮಿರ್ಯಾ?" ಎಂದು ಕೇಳಿದ. ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತಾ, ಸಕಾರಿಯನ್ನೇ ಕೇಳು ಎಂದೆ. ಲೆಂಪಿ ತಲೆ ಎತ್ತಲಿಲ್ಲ. ಅವನು ಹೋದ ಮೇಲೆ, "ನೋಡು, ಇನ್ನು ಅಜ್ಜಿ ಹೇಗೆ ನಡೀತಾಳೆ ಅಂತ," ಎಂದಳು.

ಅಜ್ಜಿ ನಡೆಯಿತು. ಕ್ಯಾನುಗಳು ತುಂಬಿದ್ದವು, ಸಂದಿಗೆ ಹೋಗುವ ಕೆಲಸ ಯಾರಿಗೂ ಬೀಳಲಿಲ್ಲ. ಲೆಂಪಿ ಕಾಫಿಗೆ ಏಲಕ್ಕಿ ಬನ್ನು ತಂದು ಎಲ್ಲರಿಗೂ ಹಂಚಿದಳು, ಅವಳ ಜನ್ಮದಲ್ಲಿ ಅಪರೂಪದ ಸಂಗತಿ.

ಕ್ಯಾನು ಖಾಲಿಯಾದ ದಿನ ಅದು ನನ್ನ ಪಾಲಿಗೆ ಬಂತು. ಹೊಸ ಕ್ಯಾನು ಎತ್ತಿಕೊಂಡು ಸಂದಿಗೆ ನುಗ್ಗಿದೆ. ಇನ್ನೂ ಕೆಳಗಿಟ್ಟಿರಲಿಲ್ಲ, ಆಚೆಯಿಂದ ಲೆಂಪಿ ಕೂಗಿದಳು, "ಕಡೀತು!"

ಹೊರಗೆ ಬಂದು ನೋಡಿದರೆ ಅವಳ ಕಣ್ಣು ನನ್ನ ಕೈ ಮೇಲಿತ್ತು. ಆ ನೋಟ ನನಗೆ ಗೊತ್ತು. ಬಾವಿಯವನನ್ನು ನೋಡುತ್ತಿದ್ದ ನೋಟ, ಔಲಿಸ್‌ನನ್ನು ನೋಡುತ್ತಿದ್ದ ನೋಟ.

"ಏನು ಮಾಡ್ದೆ?"

"ಕ್ಯಾನು ಇಟ್ಟೆ."

"ಬರೀ ಕ್ಯಾನಾ?"

ನನಗೆ ಪಿತ್ತ ನೆತ್ತಿಗೇರಿತು. "ಹೌದು ಕಣೇ, ನಾನೂ ಅವನೂ ಒಳಗೊಳಗೇ ಸೇರ್ಕೊಂಡಿದ್ವಿ! ನಿನ್ನ ಹಾಲಿಗೆ ಹಾಲು ಹಾಕಿದ್ದೂ ನಾನೇ, ಅದನ್ನೂ ಬರ್ಕೋ! ಇಷ್ಟು ವರ್ಷ ಪಕ್ಕದಲ್ಲಿ ಕೂತಿದ್ದೀನಿ, ನನ್ನ ಮೇಲೂ ಅನುಮಾನ ಬರುತ್ತಲ್ಲ, ನಾಚಿಕೆ ಆಗಲ್ವಾ ನಿನಗೆ? ಹೋಗು, ನೀನೇ ಹೋಗು ಆ ಸಂದಿಗೆ. ನಾನಿಲ್ಲಿ ಪರದೆ ನೋಡ್ತೀನಿ."

ಸಂಪರ್ಕ ಮತ್ತೆ ಸರಿಯಾದ ಮೇಲೆ ಅವಳು ಹೋದಳು. ಕೈಗಳೆರಡನ್ನೂ ಬೇಕೆಂದೇ ಬೆನ್ನಿಗೆ ಕಟ್ಟಿಕೊಂಡು, ಏನನ್ನೂ ಮುಟ್ಟದೆ, ಸುಮ್ಮನೆ ನಡೆದಳು. ಪರದೆಯ ಮೇಲೆ ಕೆಂಪು ಅಕ್ಷರ ಬಂತು.

"ಕಡೀತು," ಎಂದೆ.

ಸರಿಯಾಗುವವರೆಗೆ ಕಾದು ಮತ್ತೆ ನಡೆದಳು. ಮತ್ತೆ ಕಡಿಯಿತು. ಸಂದಿನಲ್ಲೇ ನಿಂತು ನೆಲ ನೋಡಿದಳು, ಡಬ್ಬಿ ನೋಡಿದಳು, ಕಡೆಗೆ ಕತ್ತೆತ್ತಿ ಕಪಾಟಿನ ತುದಿ ನೋಡಿದಳು. ಸ್ಟೂಲು ಎಳೆದುಕೊಂಡು ಹತ್ತಿ, ಕ್ಯಾಮೆರಾದ ತಂತಿ ಕಿತ್ತಳು. ಅಜ್ಜಿ ಮತ್ತೆ ಉತ್ತರ ಕೊಡತೊಡಗಿದ ಮೇಲೆ ಸಂದಿನಲ್ಲಿ ಮತ್ತೊಮ್ಮೆ ನಡೆದಳು, ಆಮೇಲೆ ಇನ್ನೊಮ್ಮೆ. ಏನೂ ಆಗಲಿಲ್ಲ.

ವಿಷಯ ಇಷ್ಟೇ. ತಂತಿಯಲ್ಲಿ ಸೇರಿದ ಪ್ರತಿ ಯಂತ್ರಕ್ಕೂ ಒಂದು ವಿಳಾಸವಿರಬೇಕು, ಬೀದಿಯ ಮನೆಗೆ ನಂಬರ್ ಇದ್ದ ಹಾಗೆ. ಬೇಟೆ ಸಂಘದವರು ಕ್ಯಾಮೆರಾಕ್ಕೆ ಕೊಟ್ಟಿದ್ದ ನಂಬರೂ ಅಜ್ಜಿಯ ನಂಬರೂ ಒಂದೇ ಆಗಿತ್ತು. ಕ್ಯಾಮೆರಾ ಮಲಗಿದ್ದಷ್ಟು ಹೊತ್ತು ಅಜ್ಜಿಗೆ ತೊಂದರೆಯಿಲ್ಲ. ಯಾರಾದರೂ ಎದುರಿಗೆ ಹಾದರೆ ಅದು ಎಚ್ಚರವಾಗಿ ಆ ನಂಬರಿನ ಮನೆ ತನ್ನದೆಂದು ಸಾರುತ್ತಿತ್ತು, ಕಂಪ್ಯೂಟರಿನ ಮಾತೆಲ್ಲ ಅಲ್ಲಿಗೆ ಹೋಗಿ ಅಜ್ಜಿಯ ಸಂಪರ್ಕ ಕಡಿಯುತ್ತಿತ್ತು. ಕಳ್ಳನನ್ನು ಹಿಡಿಯಲು ಕೂರಿಸಿದ ಕಾವಲೇ ಕಳ್ಳತನ ಮಾಡಿ, ಎದುರಿಗೆ ಸಿಕ್ಕವನ ಚಿತ್ರ ಹಿಡಿದು ಕೊಡುತ್ತಿತ್ತು. ನಿಜವಾದ ದೋಷ ಆ ಮುರಿದ ಕೊಕ್ಕೆ. ಅದನ್ನು ಲೆಂಪಿ ಹೊಸ ತಂತಿ ಹಾಕಿದ ದಿನವೇ ಸರಿಮಾಡಿಬಿಟ್ಟಿದ್ದಳು.

ಅವಳು ಸ್ಟೂಲಿನ ಮೇಲೆ ಕುಸಿದು ಕೂತು, ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡಳು. "ಅವನು ಮನೆ ಮಾರಿ ಬಂದಿದ್ದ," ಎಂದಳು. ನಾನು ಸಮಾಧಾನ ಹೇಳಲಿಲ್ಲ. ಅವಳ ಮೇಲೆ ಸಿಟ್ಟಿತ್ತು, ಅವನ ಪ್ರಶ್ನೆಗೆ ಬಾಟಲಿ ತಿರುಗಿಸುತ್ತಾ ಕೂತಿದ್ದ ನನ್ನ ಮೇಲೂ ಇತ್ತು.

ಸಕಾರಿ ಕೇಳಿದವನೇ ಬಾಗಿಲು ಹಾಕಿದ. "ಕೆಲಸದ ಜಾಗದಲ್ಲಿ ಕದ್ದು ಕ್ಯಾಮೆರಾ ಇಡೋದು ಕಾನೂನಿಗೆ ವಿರುದ್ಧ ಲೆಂಪಿ. ಹೊರಗೆ ಬಂದ್ರೆ ನಿನಗೂ ಕಷ್ಟ, ಚಿತ್ರ ನೋಡಿ ಸುಮ್ಮನಿದ್ದ ನನಗೂ ಕಷ್ಟ. ಅದನ್ನ ಮನೆಗೆ ತಗೊಂಡು ಹೋಗು. ಅವನಿಗೆ ನಾವು ಕಾರಣಾನೇ ಹೇಳಿಲ್ವಲ್ಲ, ಹಾಗೇ ಇರ್ಲಿ ಬಿಡು."

ಲೆಂಪಿ ಎದ್ದು ನಿಂತಳು. "ನೀನು ಅವನನ್ನ ವಾಪಸ್ ಕರೀತೀಯೋ, ಇಲ್ಲಾ ನಾನೇ ಹೋಗಿ ಪೊಲೀಸರಿಗೆ ನನ್ನ ಮೇಲೇ ದೂರು ಕೊಡ್ಲೋ?"

ಸಕಾರಿಗೆ ಲೆಂಪಿ ಗೊತ್ತಿದ್ದಳು. ಕರೆಯುತ್ತೇನೆ, ಆದರೆ ಬರುವುದು ಬಿಡುವುದು ಅವನಿಗೆ ಬಿಟ್ಟದ್ದು ಎಂದ. ಅಂದೇ ಫೋನ್ ಮಾಡಿದ. ಔಲಿಸ್, "ಬಂದ್ರೂ ಬರಬಹುದು, ಬರದೇನೂ ಇರಬಹುದು" ಎಂದನಂತೆ.

ಮುಂದಿನದ್ದನ್ನು ನನಗೆ ಹೇಳಿದವನು ಔಲಿಸ್. ಶನಿವಾರ ಬೆಳಿಗ್ಗೆ ಅವನು ದೋಣಿಗೆ ಟಾರು ಬಳಿಯುತ್ತಿದ್ದಾಗ ಲೆಂಪಿಯ ಕಾರು ಬಂದು ನಿಂತಿತು. ನಮಸ್ಕಾರವಿಲ್ಲ, ಏನಿಲ್ಲ.

"ರಬ್ಬರ್ ಬೂಟು ಹಾಕ್ಕೋ. ಬಕೆಟ್ ತಗೋ. ಹತ್ತು ಕಾರು."

"ಯಾಕಮ್ಮ, ಕೊಂದು ಹೂಳೋಕಾ?"

"ಹತ್ತು ಅಂದ್ನಲ್ಲ."

ಕಾರನ್ನು ಈ ಸಲ ಬೇರೆ ಜವುಗಿನ ಪಕ್ಕ ನಿಲ್ಲಿಸಲಿಲ್ಲ, ನೇರ ತನ್ನ ಜಾಗಕ್ಕೇ ಒಯ್ದಳು. ಸಣ್ಣ ಪೈನ್ ಮರಗಳನ್ನು ದಾಟಿದ ಮೇಲೆ ಜವುಗು ತೆರೆದುಕೊಂಡಿತು, ಕಣ್ಣು ಹಾಯುವವರೆಗೆ ಹಿಲ್ಲಾ. ಗಂಡ ಕಾಣದ್ದು, ಮಗಳು ಕಾಣದ್ದು. ಲೆಂಪಿ ಅಲ್ಲಿ ನಿಂತು, ಕ್ಯಾಮೆರಾದಿಂದ ಹಿಡಿದು ವಿಳಾಸದವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ನಿನ್ನ ಕೆಲಸ ಹೋಗಿದ್ದು ನನ್ನಿಂದ. ನಿನ್ನದೇನೂ ತಪ್ಪಿರಲಿಲ್ಲ. ಇದು ನನ್ನ ಜಾಗ, ಇವತ್ತಿಂದ ನಿನಗೂ ಸೇರಿದ್ದು. ಯಾವಾಗ ಬೇಕಾದ್ರೂ ಬಾ, ಎಷ್ಟು ಬೇಕಾದ್ರೂ ಕೀಳು."

ಔಲಿಸ್ ಹಣ್ಣಿನ ಕಡೆ ನೋಡಲಿಲ್ಲ. ಸುತ್ತಲಿನ ಮರಗಳ ಕಾಂಡವನ್ನು ಒಂದೊಂದಾಗಿ, ಕೆಳಗಿನಿಂದ ಮೇಲಿನವರೆಗೆ ನೋಡುತ್ತಿದ್ದ. ಅವನು ಏನು ಹುಡುಕುತ್ತಿದ್ದಾನೆಂದು ಲೆಂಪಿಗೆ ತಡವಾಗಿ ಹೊಳೆಯಿತು.

"ಇಲ್ಲಿ ಕ್ಯಾಮೆರಾ ಇಲ್ಲ ಔಲಿಸ್," ಎಂದಳು.

"ಇದ್ರೂ ಇರಬಹುದು, ಇಲ್ದೇನೂ ಇರಬಹುದು," ಎಂದು ಹೇಳಿ ಅವನು ಬಗ್ಗಿ ಹಣ್ಣು ಕೀಳತೊಡಗಿದ.

ಸೋಮವಾರ ಕೆಲಸಕ್ಕೆ ಬಂದ. ಪ್ರೊಬೇಷನ್ ಮುಗಿಯಿತು, ಕಾಯಂ ಆದ. ಲೆಂಪಿ ಹಾಲಿನ ಡಬ್ಬದ ಮೇಲೆ ಗೆರೆ ಎಳೆಯುವುದನ್ನು ಬಿಟ್ಟಳು. ಔಲಿಸ್ ಮತ್ತೆ ಮೀನು ತಂದಾಗ ಮೊದಲ ತುಂಡು ಎತ್ತಿಕೊಂಡವಳು ಅವಳೇ. ಎಲ್ಲ ಸರಿಹೋಯಿತೆಂದು ನಾನೂ ಅಂದುಕೊಂಡೆ. ಒಂದು ಮಾತ್ರ ಉಳಿಯಿತು: ಕ್ಯಾನು ಎತ್ತಿಕೊಂಡು ಸಂದಿಗೆ ಹೋಗುವ ಮುಂಚೆ ಅವನು ಒಂದು ಕ್ಷಣ ನಿಂತು ಕಪಾಟಿನ ತುದಿ ನೋಡುತ್ತಾನೆ. ಅಲ್ಲಿ ಕೈಗವಸುಗಳ ಪೆಟ್ಟಿಗೆ ಬಿಟ್ಟು ಬೇರೇನೂ ಇಲ್ಲ.

ಮರುವರ್ಷ ಹಿಲ್ಲಾ ಹಣ್ಣಾದಾಗ ಲೆಂಪಿ ಬೇಕೆಂದೇ ತಡಮಾಡಿದಳು, ಅವನು ಮೊದಲು ಹೋಗಲೆಂದು. ಕಡೆಗೆ ತಾನು ಹೋಗಿ ಬಂದ ಮರುದಿನ ಕಾಫಿ ಕೋಣೆಯಲ್ಲಿ ನನ್ನ ಎದುರು ಕೂತಳು. ಕಣ್ಣು ಕೆಂಪಗಿತ್ತು.

"ಒಂದು ಹಣ್ಣೂ ಮುಟ್ಟಿಲ್ಲ ಕಣೇ ಅವನು. ಎಲ್ಲ ಹಾಗೇ ಕೊಳೀತಾ ಇದೆ."

ನಾನು ಔಲಿಸ್‌ನನ್ನು ಹುಡುಕಿಕೊಂಡು ಹೋಗಿ ಕೇಳಿದೆ, ಯಾಕೆ ಹೋಗಲಿಲ್ಲವೆಂದು. ಜಾರಿಕೊಳ್ಳುತ್ತಾನೆಂದೇ ತಿಳಿದಿದ್ದೆ. ಅವನು ಕೈಯಲ್ಲಿದ್ದ ಕ್ಯಾನು ಕೆಳಗಿಟ್ಟು, ಸಾವೊದವನ ಬಾಯಿಂದ ನಾನು ಎಂದೂ ಕೇಳದಷ್ಟು ನೇರವಾಗಿ ಉತ್ತರ ಕೊಟ್ಟ.

"ಅಲ್ಲಿಗೆ ದಾರಿ ಗೊತ್ತಿರೋದು ಇಬ್ಬರಿಗೇ ಮಿರ್ಯಾ. ನಾಳೆ ನಾಲ್ಕು ಹಣ್ಣು ಕಮ್ಮಿ ಆದ್ರೆ ಅವಳು ಯಾರನ್ನ ಹುಡ್ಕೊಂಡು ಬರ್ತಾಳೆ?"